ಲಂಡನ್ನಿನ ರಾಜೀನಾಮೆ, ಪೊವಾಯಿಯ ರಾಜೀನಾಮೆ

ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದ 2022ರ ಅಕ್ಟೋಬರಿನಲ್ಲಿ ಕನ್ನಡದ ಟಿವಿ, ಪತ್ರಿಕೆ, ವಾಟ್ಸ್ಯಾಪ್ ಗುಂಪು ಎಲ್ಲೆಲ್ಲೂ ಒಂದೇ ಮಾತು: ಬೆಂಗಳೂರಿನ ಅಳಿಯ, ಕರ್ನಾಟಕದ ಅಳಿಯ. ಮುಂಬಯಿಯಲ್ಲಿರುವ ನಮ್ಮಂಥವರ ಗುಂಪುಗಳಲ್ಲಂತೂ ಲಾಡು ಹಂಚುವುದೊಂದು ಬಾಕಿ ಇತ್ತು. ಖುಷಿಪಡಲಿ, ಬೇಡ ಎನ್ನಲು ನಾನ್ಯಾರು? ಆದರೆ ಅಳಿಯ ಆ ಮನೆಯೊಳಗೆ ಹೋದದ್ದು ಯಾವ ಬಾಗಿಲಿನಿಂದ ಎಂದು ಕೇಳಿದವರು ಕಡಿಮೆ. ಅಂಥದೊಂದು ಬಾಗಿಲು ನಮ್ಮ ಮನೆಗೂ ಇದೆಯೇ ಎಂದು ಕೇಳಿದವರು ಇನ್ನೂ ಕಡಿಮೆ. ನನ್ನ ಜಗಳ ಇರುವುದು ಅದರ ಬಗ್ಗೆ.

ಆ ಬಾಗಿಲು ತೆರೆದದ್ದು ಅದೇ ವರ್ಷದ ಜುಲೈ 5ರ ಸಂಜೆ. ಆಗಿನ ಪ್ರಧಾನಿ ಬೋರಿಸ್ ಜಾನ್ಸನ್. 2019ರ ಡಿಸೆಂಬರಿನಲ್ಲಿ 365 ಸೀಟು ಗೆದ್ದು, 80ರ ಬಹುಮತ ತಂದುಕೊಟ್ಟ ನಾಯಕ. ಇವರು ಉಪ ಮುಖ್ಯ ಸಚೇತಕನನ್ನಾಗಿ ಮಾಡಿಕೊಂಡಿದ್ದ ಕ್ರಿಸ್ ಪಿಂಚರ್ ಎಂಬ ಸಂಸದನ ಮೇಲೆ, ಲಂಡನ್ನಿನ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಇಬ್ಬರು ಗಂಡಸರ ಮೈಮೇಲೆ ಕೈಹಾಕಿದ ಆರೋಪ ಬಂತು. ಆತನ ಹಳೆಯ ನಡತೆಯ ಬಗ್ಗೆ ನಿರ್ದಿಷ್ಟ ದೂರು ಪ್ರಧಾನಿಗೆ ಗೊತ್ತಿರಲಿಲ್ಲ ಎಂದು ಅವರ ಕಚೇರಿ ಹೇಳಿತು. ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಸೈಮನ್ ಮೆಕ್‌ಡೊನಾಲ್ಡ್ ಜುಲೈ 5ರ ಬೆಳಿಗ್ಗೆ ಬಹಿರಂಗ ಪತ್ರ ಬರೆದು, ಇದು ಸುಳ್ಳು, 2019ರಲ್ಲೇ ಜಾನ್ಸನ್ ಅವರಿಗೆ ಮುಖತಃ ತಿಳಿಸಲಾಗಿತ್ತು ಎಂದರು. ಆಗ ಬಂದ ಉತ್ತರ: ಪ್ರಧಾನಿಗೆ ಅದು ನೆನಪಿರಲಿಲ್ಲ.

ಸಂಜೆಗೆ ಆರೋಗ್ಯ ಸಚಿವ ಸಾಜಿದ್ ಜಾವಿದ್ ಮತ್ತು ಹಣಕಾಸು ಸಚಿವ ಸುನಕ್ ನಿಮಿಷಗಳ ಅಂತರದಲ್ಲಿ ರಾಜೀನಾಮೆ ಕೊಟ್ಟರು. ಮರುದಿನ ಐವರು ಸಚಿವರು ಒಂದೇ ಪತ್ರಕ್ಕೆ ಸಹಿ ಹಾಕಿ ಹೊರಬಂದರು. ಎರಡು ದಿನದ ಹಿಂದೆ ಶಿಕ್ಷಣ ಖಾತೆ ಪಡೆದಿದ್ದ ಮಿಶೆಲ್ ಡೊನೆಲನ್ ಜುಲೈ 7ರ ಬೆಳಿಗ್ಗೆ ಅದನ್ನು ಬಿಟ್ಟರು. ಸುನಕ್ ಜಾಗಕ್ಕೆ ಬಂದಿದ್ದ ಹೊಸ ಹಣಕಾಸು ಸಚಿವ ನದೀಮ್ ಜಹಾವಿ, ಕುರ್ಚಿ ಬಿಸಿಯಾಗುವ ಮೊದಲೇ, ತನ್ನನ್ನು ನೇಮಿಸಿದ ಪ್ರಧಾನಿಗೇ ಹೊರಡಿ ಎಂದು ಬಹಿರಂಗವಾಗಿ ಬರೆದರು. ಎರಡು ದಿನ ತುಂಬುವುದರೊಳಗೆ ಸಚಿವರು, ಸಚಿವರ ಸಹಾಯಕ ಸಂಸದರು ಸೇರಿ 50ಕ್ಕೂ ಹೆಚ್ಚು ಜನ ಬಿಟ್ಟು ಹೋಗಿದ್ದರು. ಜುಲೈ 7ರ ಮಧ್ಯಾಹ್ನ ಜಾನ್ಸನ್ ತಮ್ಮ ಮನೆಬಾಗಿಲಲ್ಲಿ ನಿಂತು ಪಕ್ಷದ ನಾಯಕತ್ವ ಬಿಡುವುದಾಗಿ ಹೇಳಿದರು.

ಇವರೆಲ್ಲ ಸತ್ಯಹರಿಶ್ಚಂದ್ರನ ಮೊಮ್ಮಕ್ಕಳೇ? ಖಂಡಿತ ಅಲ್ಲ. ಕೊರೊನಾ ಕಾಲದಲ್ಲಿ ಜನ ಹೆತ್ತವರ ಅಂತ್ಯಕ್ರಿಯೆಗೂ ಹೋಗಲಾಗದೆ ಮನೆಯಲ್ಲಿ ಕುಳಿತಿದ್ದಾಗ ಪ್ರಧಾನಿ ಕಚೇರಿಯಲ್ಲಿ ಪಾರ್ಟಿಗಳು ನಡೆದ ಸುದ್ದಿ ಹೊರಬಂದು ತಿಂಗಳುಗಳೇ ಆಗಿದ್ದವು. 2022ರ ಏಪ್ರಿಲಿನಲ್ಲಿ ಪೊಲೀಸರು ಜಾನ್ಸನ್‌ಗೆ ದಂಡ ಹಾಕಿದರು. ನಮ್ಮ ಅಳಿಯನಿಗೂ ಅದೇ ಪ್ರಕರಣದಲ್ಲಿ ದಂಡ ಬಿತ್ತು. ಆಗ ಯಾರೂ ಸಾಲುಗಟ್ಟಿ ಹೊರಡಲಿಲ್ಲ. ಜೂನ್ 23ರಂದು ವೇಕ್‌ಫೀಲ್ಡ್ ಮತ್ತು ಟಿವರ್ಟನ್ ಉಪಚುನಾವಣೆಗಳೆರಡನ್ನೂ ಸೋತ ಮೇಲೆ ಅವರಿಗೆ ಆತ್ಮಸಾಕ್ಷಿ ಜೋರಾಗಿ ಚುಚ್ಚತೊಡಗಿತು. ಈ ಮನುಷ್ಯನ ಹೆಸರು ಹೇಳಿಕೊಂಡು ಹೋದರೆ ಮುಂದಿನ ಸಲ ನಾನೂ ಸೋಲುತ್ತೇನೆ ಎಂಬ ಭಯ ಅದು. ಗಾಳಿ ಬಂದಾಗ ತೂರಿಕೊಳ್ಳುವವರು ನಮ್ಮಲ್ಲಿ ಮಾತ್ರ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ರಾಜಕಾರಣಿಯ ಸ್ವಾರ್ಥ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ. ಆ ಸ್ವಾರ್ಥ ಹರಿದುಹೋಗಲು ಅಲ್ಲಿ ಒಂದು ಕಾಲುವೆ ಇದೆ. ಅದು ಕೊನೆಗೆ ಜನರ ಗದ್ದೆಗೆ ನೀರು ತರುತ್ತದೆ. ನಮ್ಮಲ್ಲಿ ಆ ಕಾಲುವೆಯನ್ನು ಕಾನೂನೇ ಮುಚ್ಚಿದೆ. ಹಾಗಾಗಿ ಅದೇ ನೀರು ರೆಸಾರ್ಟಿನ ಕಡೆ ಹರಿಯುತ್ತದೆ.

ಕಾಲುವೆ ಎಂದರೆ ಏನು ಎಂಬುದನ್ನೂ ಹೇಳಿಬಿಡುತ್ತೇನೆ. ಕನ್ಸರ್ವೇಟಿವ್ ಪಕ್ಷದಲ್ಲಿ '1922 ಸಮಿತಿ' ಎಂದು ಸಾಮಾನ್ಯ ಸಂಸದರದೊಂದು ಸಂಘ ಇದೆ. ನಾಯಕನ ಮೇಲೆ ವಿಶ್ವಾಸ ಹೋದ ಸಂಸದ ಅದರ ಅಧ್ಯಕ್ಷರಿಗೆ ಗುಟ್ಟಾಗಿ ಒಂದು ಪತ್ರ ಕೊಡಬಹುದು. ಆಗಿನ ನಿಯಮದಂತೆ ಪಕ್ಷದ ಸಂಸದರಲ್ಲಿ ಶೇ. 15ರಷ್ಟು, ಅಂದರೆ 54 ಜನ ಪತ್ರ ಕೊಟ್ಟರೆ ಗುಪ್ತ ಮತದಾನ ನಡೆಯಲೇಬೇಕು. 2022ರ ಜೂನ್ 6ರಂದು ಹಾಗೆಯೇ ನಡೆಯಿತು. ಜಾನ್ಸನ್ ಪರ 211, ವಿರುದ್ಧ 148. ಗೆದ್ದರು ನಿಜ, ಆದರೆ ತಮ್ಮದೇ ಪಕ್ಷದ ಹತ್ತರಲ್ಲಿ ನಾಲ್ವರು ಬೇಡ ಎಂದದ್ದು ಊರಿಗೆಲ್ಲ ಗೊತ್ತಾಯಿತು. ಒಂದು ತಿಂಗಳ ನಂತರದ ಕುಸಿತಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ. ವಿರುದ್ಧ ಮತ ಹಾಕಿದ 148 ಜನರಲ್ಲಿ ಒಬ್ಬರ ಸಂಸದ ಸ್ಥಾನವೂ ಹೋಗಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಇದೇ ಜಾನ್ಸನ್ ಬ್ರೆಕ್ಸಿಟ್ ವಿಷಯದಲ್ಲಿ ತಮ್ಮ ವಿರುದ್ಧ ಮತ ಹಾಕಿದ 21 ಸಂಸದರನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರಹಾಕಿದರು. ಚರ್ಚಿಲ್ ಮೊಮ್ಮಗನೂ ಅವರಲ್ಲೊಬ್ಬ. ಪಕ್ಷದಿಂದ ಹಾಕಬಹುದು, ಪಾರ್ಲಿಮೆಂಟಿನಿಂದ ಹಾಕಲಾಗದು. ಅಲ್ಲಿಗೆ ಕಳಿಸಿದವರು ಮತದಾರರು, ಅಷ್ಟೂ ಜನ ಸಂಸದರಾಗಿಯೇ ಉಳಿದರು.

ಈಗ ನಮ್ಮ ಮನೆಗೆ ಬನ್ನಿ. 2010ರ ಅಕ್ಟೋಬರಿನಲ್ಲಿ ಕರ್ನಾಟಕದ ಬಿಜೆಪಿ ಶಾಸಕರ ಗುಂಪೊಂದು ರಾಜ್ಯಪಾಲರಿಗೆ ಪತ್ರ ಕೊಟ್ಟು, ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ನಮಗೆ ವಿಶ್ವಾಸ ಉಳಿದಿಲ್ಲ ಎಂದಿತು. ನಾವು ಪಕ್ಷ ಬಿಟ್ಟಿಲ್ಲ, ನಾಯಕ ಬದಲಾಗಲಿ ಎಂಬುದೇ ಅವರ ವಾದ. ಹನ್ನೆರಡು ವರ್ಷದ ನಂತರ ಸುನಕ್, ಜಾವಿದ್ ಮಾಡಿದ್ದೂ ಹೆಚ್ಚುಕಡಿಮೆ ಅದೇ. ಪತ್ರ ಹೋದ ನಾಲ್ಕೇ ದಿನಕ್ಕೆ, ವಿಶ್ವಾಸಮತದ ಹಿಂದಿನ ದಿನ, ಸ್ಪೀಕರ್ 11 ಬಿಜೆಪಿ ಶಾಸಕರನ್ನು ಅನರ್ಹಗೊಳಿಸಿದರು. ಜೊತೆಗೆ 5 ಪಕ್ಷೇತರರನ್ನೂ. ಸರ್ಕಾರ ಉಳಿಯಿತು. ಆ ಆದೇಶ ಸರಿಯಲ್ಲವೆಂದು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಮದುವೆ ಮುಗಿದು ಚಪ್ಪರ ಬಿಚ್ಚಿಯಾಗಿತ್ತು. ಆ 11 ಜನ ದೊಡ್ಡ ಆದರ್ಶವಾದಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಜಾನ್ಸನ್ ಮಂತ್ರಿಗಳೂ ಆಗಿರಲಿಲ್ಲ ಎಂದು ಆಗಲೇ ಹೇಳಿದ್ದೇನೆ.

ಪಾಠ ಮಾತ್ರ ಎಲ್ಲ ಶಾಸಕರಿಗೂ ತಲುಪಿತು: ಒಳಗಿದ್ದುಕೊಂಡು ಬೇಡ ಎನ್ನುವುದು ಅಪಾಯ, ಹೊರಹೋಗಿ ಬೆಲೆ ಕಟ್ಟಿಸಿಕೊಳ್ಳುವುದು ಲಾಭ. 2019ರ ಜುಲೈಯಲ್ಲಿ ಏನಾಯಿತು, ಮುಂಬಯಿ ಕನ್ನಡಿಗರಾದ ನಾವು ಹತ್ತಿರದಿಂದಲೇ ಕಂಡೆವು. ಕಾಂಗ್ರೆಸ್–ಜೆಡಿಎಸ್ ಸರ್ಕಾರದ ಶಾಸಕರು ಸಚಿವಗಿರಿಯನ್ನಲ್ಲ, ಶಾಸಕ ಸ್ಥಾನವನ್ನೇ ಬಿಡುತ್ತೇವೆಂದು ಪತ್ರ ಕೊಟ್ಟು ವಿಮಾನ ಹತ್ತಿದರು. ಪೊವಾಯಿಯ ಐಷಾರಾಮಿ ಹೋಟೆಲಿನ ಸುತ್ತ ಪೊಲೀಸ್ ಕಾವಲು. ಕರ್ನಾಟಕದ ಸಚಿವ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಗೇಟಿನ ಹೊರಗೆ ನಿಂತದ್ದನ್ನು ದೇಶವೇ ನೋಡಿತು. ಜುಲೈ 23ರಂದು 99ಕ್ಕೆ 105 ಮತದಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ಸ್ಪೀಕರ್ 17 ಜನರನ್ನು ಅನರ್ಹಗೊಳಿಸಿದರು. ಅನರ್ಹತೆಯನ್ನು ಒಪ್ಪಿದ ಸುಪ್ರೀಂ ಕೋರ್ಟು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದು 12 ಬಿಜೆಪಿ ಪಾಲಾದವು. 2020ರ ಫೆಬ್ರುವರಿ 6ರಂದು ಹಾಗೆ ಗೆದ್ದುಬಂದವರಲ್ಲಿ 10 ಜನ ಮಂತ್ರಿಗಳಾದರು.

ಎರಡೂ ಕಡೆ ಪದ ಒಂದೇ, ರಾಜೀನಾಮೆ. ಲಂಡನ್ನಿನಲ್ಲಿ ಅಧಿಕಾರ ಬಿಟ್ಟು ಮತದಾರ ಕೊಟ್ಟ ಸ್ಥಾನ ಉಳಿಸಿಕೊಂಡರು. ಪೊವಾಯಿಯಲ್ಲಿ ಮತದಾರ ಕೊಟ್ಟ ಸ್ಥಾನ ಬಿಟ್ಟು ಅಧಿಕಾರ ಪಡೆದರು.

ಇದಕ್ಕೆ ಕಾರಣ ಬರೀ ದುಡ್ಡಲ್ಲ, ಸಂವಿಧಾನದ ಹತ್ತನೇ ಅನುಸೂಚಿ. 1985ರಲ್ಲಿ 52ನೇ ತಿದ್ದುಪಡಿಯಾಗಿ ಬಂದ ಪಕ್ಷಾಂತರ ನಿಷೇಧ ಕಾನೂನು. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಅದು ವಿಶ್ವಾಸಮತವೇ ಆಗಬೇಕೆಂದಿಲ್ಲ, ಯಾವ ಮಸೂದೆಗೂ ವಿಪ್ ಕೊಡಬಹುದು. ನಿಮ್ಮ ಊರಿನ ರೈತರಿಗೆ ತೊಂದರೆಯಾಗುವ ಮಸೂದೆ ಬಂದರೂ ನಿಮ್ಮ ಸಂಸದ ಕೈ ಎತ್ತಲೇಬೇಕು. ತೀರ್ಪು ಕೊಡುವವರು ಸ್ಪೀಕರ್, ಅಂದರೆ ಸಾಮಾನ್ಯವಾಗಿ ಆಳುವ ಪಕ್ಷದವರು. ಇನ್ನು ನಾಯಕನ ಆಯ್ಕೆ: ಶಾಸಕಾಂಗ ಪಕ್ಷದ ಸಭೆ ಸೇರಿ, ಹೈಕಮಾಂಡಿನ ತೀರ್ಮಾನಕ್ಕೆ ಬಿಡುತ್ತೇವೆ ಎಂಬ ಒಂದು ಸಾಲಿನ ನಿರ್ಣಯ ಮಾಡಿ, ಚಹಾ ಕುಡಿದು ಏಳುತ್ತದೆ.

ಇಳಿಸುವುದೂ ಹಾಗೆಯೇ. 1989ರಲ್ಲಿ 224ರಲ್ಲಿ 178 ಸೀಟು ಗೆದ್ದ ವೀರೇಂದ್ರ ಪಾಟೀಲರನ್ನು ಮರುವರ್ಷ, ಅವರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ತೆಗೆಯುವ ಸುದ್ದಿಯನ್ನು ರಾಜೀವ್ ಗಾಂಧಿ ಹೇಳಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. 2021ರ ಜುಲೈ 26ರಂದು ಯಡಿಯೂರಪ್ಪ ತಮ್ಮ ಸರ್ಕಾರದ ಎರಡನೇ ವರ್ಷದ ಸಮಾರಂಭದ ವೇದಿಕೆಯಲ್ಲೇ ಕಣ್ಣೀರು ಒರೆಸಿಕೊಂಡು ರಾಜೀನಾಮೆ ಘೋಷಿಸಿದರು. ಒಬ್ಬರದು ಕಾಂಗ್ರೆಸ್, ಒಬ್ಬರದು ಬಿಜೆಪಿ. ಎರಡರಲ್ಲೂ ಶಾಸಕರು ಗುಪ್ತ ಮತ ಹಾಕಿ ತೀರ್ಮಾನಿಸಿದರೇ? ಇಲ್ಲ. ನಾವು ಬಾಡಿಗೆಗಿರುವ ಹೌಸಿಂಗ್ ಸೊಸೈಟಿಯ ಛೇರ್ಮನ್ನನ್ನು ಅವಿಶ್ವಾಸ ತಂದು ಇಳಿಸಬಹುದು. ಆರು ಕೋಟಿ ಜನರ ರಾಜ್ಯದ ಮುಖ್ಯಮಂತ್ರಿಯನ್ನು ಇಳಿಸಲು ಒಂದೋ ದೆಹಲಿಯಿಂದ ಫೋನು ಬರಬೇಕು, ಇಲ್ಲವೇ ಹೋಟೆಲು ಬುಕ್ಕಾಗಬೇಕು.

ಬ್ರಿಟನ್ನಿನ ಗತಿ ನೋಡಿದಿರಲ್ಲ, ಒಂದೇ ವರ್ಷ ಮೂವರು ಪ್ರಧಾನಿಗಳು ಎನ್ನುವವರಿದ್ದಾರೆ. ಹೌದು, ಜಾನ್ಸನ್ ನಂತರ ಬಂದ ಲಿಜ್ ಟ್ರಸ್ 49 ದಿನ ಇದ್ದರು. ಅವರ ಬಜೆಟ್ಟಿನಿಂದ ಪೌಂಡ್ ಕುಸಿಯಿತು, ಗೃಹಸಾಲದ ಬಡ್ಡಿ ಏರಿತು, ಜನ ಬೆಲೆ ತೆತ್ತರು. ಆದರೆ ಟ್ರಸ್ ಅವರನ್ನು 81,326 ಮತಗಳಿಂದ ಆರಿಸಿದ್ದು ಪಕ್ಷದ ಸದಸ್ಯರು. ಸುನಕ್‌ಗೆ ಆಗ ಬಿದ್ದದ್ದು 60,399. ಆ ಆಯ್ಕೆಯನ್ನು ಏಳು ವಾರದಲ್ಲಿ ತಿದ್ದಿದವರು ಸಂಸದರು. ಐದು ವರ್ಷ ತಿದ್ದಲಾಗದ ತಪ್ಪಿಗಿಂತ ಏಳು ವಾರದಲ್ಲಿ ತಿದ್ದಿದ ತಪ್ಪು ಅಗ್ಗ.

ಮತ್ತೊಬ್ಬರು ಆಯಾರಾಮ್ ಗಯಾರಾಮ್ ನೆನಪಿಸುತ್ತಾರೆ. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಹದಿನೈದು ದಿನದಲ್ಲಿ ಮೂರು ಬಾರಿ ಪಕ್ಷ ಬದಲಿಸಿದ ಕಥೆ. ಆ ರೋಗ ನಿಜ, ಔಷಧಿ ಬೇಕಿತ್ತು. ಆದರೆ ಔಷಧಿ ಕುಡಿದ ಮೇಲೂ 2019 ಬಂತು. 2022ರ ಜೂನಿನಲ್ಲಿ ನಮ್ಮ ಮಹಾರಾಷ್ಟ್ರದ ಶಾಸಕರು ಸೂರತ್, ಗುವಾಹಾಟಿ ಸುತ್ತಿ ಬಂದರು. ಪಿಂಚರ್ ಲಂಡನ್ನಿನಲ್ಲಿ ಹುದ್ದೆ ಬಿಟ್ಟ ಜೂನ್ 30ರಂದೇ ಇಲ್ಲಿ ಏಕನಾಥ ಶಿಂಧೆ ಪ್ರಮಾಣವಚನ ತೆಗೆದುಕೊಂಡರು. ಕಾನೂನು ಸಗಟು ವ್ಯಾಪಾರ ನಿಲ್ಲಿಸಲಿಲ್ಲ. ಅದು ನಿಲ್ಲಿಸಿದ್ದು ಒಬ್ಬ ಸದಸ್ಯ ಎದ್ದು ಇದು ಸರಿಯಲ್ಲ ಎನ್ನುವುದನ್ನು.

ಮೂರನೆಯ ವಾದ ಎಲ್ಲಕ್ಕಿಂತ ಅಪಾಯದ್ದು: ಜನ ನಾಯಕನ ಮುಖ ನೋಡಿ ಮತ ಹಾಕಿದ್ದಾರೆ, ಇಳಿಸಲು ಶಾಸಕರು ಯಾರು? ಜಾನ್ಸನ್ ಕೂಡ ಕೊನೆಯವರೆಗೂ ಜನಾದೇಶದ ಮಾತನ್ನೇ ಆಡಿದರು. ಆದರೆ ನಮ್ಮ ಸಂವಿಧಾನದ 75ನೇ ಮತ್ತು 164ನೇ ವಿಧಿಗಳು ಮಂತ್ರಿಮಂಡಲ ಸದನಕ್ಕೆ ಹೊಣೆ ಎನ್ನುತ್ತವೆ. ಬಾಯಿ ಬಿಡಲಾಗದ ಸದನಕ್ಕೆ ಎಂಥ ಹೊಣೆ? 2023ರಲ್ಲಿ ಜಾನ್ಸನ್ ಸದನಕ್ಕೆ ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದರೆಂದು ತೀರ್ಮಾನಿಸಿದ ಏಳು ಜನರ ಸಮಿತಿಯಲ್ಲಿ ನಾಲ್ವರು ಅವರದೇ ಪಕ್ಷದವರು. ಸದನ ಅದನ್ನು 354ಕ್ಕೆ 7 ಮತಗಳಿಂದ ಒಪ್ಪಿತು. ನಮ್ಮ ಯಾವುದಾದರೂ ಸದನ ಸಮಿತಿ ಆಳುವ ನಾಯಕನ ಬಗ್ಗೆ ಹೀಗೆ ಬರೆದೀತೇ, ಯೋಚಿಸಿ.

ನಾನು ಕೇಳುವುದು ಮೂರೇ. ಮೊದಲನೆಯದು, ವಿಪ್ ಮೀರಿದ್ದಕ್ಕೆ ಸದಸ್ಯತ್ವ ಕಳೆಯುವ ಶಿಕ್ಷೆ ವಿಶ್ವಾಸ–ಅವಿಶ್ವಾಸ ಮತಕ್ಕೆ ಮಾತ್ರ ಇರಲಿ. ಇದು ನನ್ನ ಶೋಧ ಅಲ್ಲ, 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿದ್ದು. ಎರಡನೆಯದು, ಅನರ್ಹತೆಯ ತೀರ್ಪು ಸ್ಪೀಕರ್ ಕೈಯಿಂದ ಸ್ವತಂತ್ರ ಸಂಸ್ಥೆಯೊಂದಕ್ಕೆ ಹೋಗಲಿ. ಮೂರನೆಯದು, ಪ್ರತಿ ಶಾಸಕಾಂಗ ಪಕ್ಷವೂ ತನ್ನ ನಾಯಕನನ್ನು ಗುಪ್ತ ಮತದಿಂದ ಆರಿಸಲಿ, ಇಷ್ಟು ಜನ ಪತ್ರ ಕೊಟ್ಟರೆ ಗುಪ್ತ ಮತದಿಂದ ಇಳಿಸಲಿ. ಪಕ್ಷ ಬಿಟ್ಟು ಹೋಗುವವನ ಸ್ಥಾನ ಹೋಗಲಿ, ನನ್ನ ತಕರಾರಿಲ್ಲ. ಪಕ್ಷದಲ್ಲಿದ್ದು ನಾಯಕ ಬೇಡ ಎನ್ನುವವನನ್ನು ಮುಟ್ಟಬೇಡಿ.

ಹೈಕಮಾಂಡುಗಳು ಇದನ್ನು ತಾವಾಗಿ ಕೊಡುವುದಿಲ್ಲ, ಯಾವ ಪಕ್ಷದವೂ ಕೊಡುವುದಿಲ್ಲ. ನಮ್ಮಲ್ಲಿ ಕೆಲವರ ವೋಟು ಇನ್ನೂ ಊರಲ್ಲಿದೆ, ಕೆಲವರದು ಮುಂಬಯಿ, ಪುಣೆ, ಹೈದರಾಬಾದಿಗೆ ಬಂದಿದೆ. ಎಲ್ಲಿದ್ದರೂ ಅಭ್ಯರ್ಥಿ ಕೈಮುಗಿದು ಬರುತ್ತಾನೆ. ಆಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಿಮ್ಮ ನಾಯಕರು ತಪ್ಪು ಮಾಡಿದಾಗ ಎದುರಿಗೆ ನಿಂತು ಬೇಡ ಎಂದದ್ದು ಯಾವಾಗ? ಉತ್ತರ ಬರದಿದ್ದರೆ, ನೀವು ಮತ ಹಾಕುತ್ತಿರುವುದು ಅವನಿಗಲ್ಲ, ಅವನಿಗೆ ಫೋನು ಮಾಡುವವನಿಗೆ.