ಮಂಡಿನೋವಿನ ಮಾರುಕಟ್ಟೆಗೆ ಲಗಾಮು ಬೇಡವಂತೆ

ಬೆಳಗ್ಗೆ ಟಿವಿ ಹಾಕಿದರೆ ಜ್ಯೋತಿಷಿಯ ಬೆನ್ನಿಗೇ ಮಂಡಿನೋವಿನ ಎಣ್ಣೆ ಬರುತ್ತದೆ. ಕೋಲೂರಿಕೊಂಡು ಬಂದ ಅಜ್ಜಿ ಮರುಗಳಿಗೆಯಲ್ಲೇ ಮೆಟ್ಟಿಲು ಹತ್ತುತ್ತಾರೆ. ಕೆಳಗೆ ಫೋನ್ ನಂಬರು, ಜತೆಗೆ ಅದೇ ಮಂತ್ರ: ‘ಅಪ್ಪಟ ಗಿಡಮೂಲಿಕೆ, ಅಡ್ಡ ಪರಿಣಾಮವಿಲ್ಲ’.

ಅಡ್ಡ ಪರಿಣಾಮವೇ ಇಲ್ಲದ ಮದ್ದನ್ನು ಆಯುರ್ವೇದವೇ ಕಂಡಿಲ್ಲ. ವಾತದ ನೋವಿಗೆ ಕೊಡುವ ಭಲ್ಲಾತಕವನ್ನೇ ನೋಡಿ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಅದು; ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಶೋಧನೆ, ಪಥ್ಯ, ಅನುಪಾನ ಎಂದು ಹಳೆಯ ವೈದ್ಯರು ತಲೆ ಕೆಡಿಸಿಕೊಂಡದ್ದು ಬೇರೆ ಕೆಲಸವಿಲ್ಲದೆಯೇ?

ಪುಣೆಯ ಡಾ. ಅರವಿಂದ ಚೋಪ್ರಾ ಅವರ ತಂಡ ಶುಂಠಿ, ಅಮೃತಬಳ್ಳಿ ಮುಂತಾದವುಗಳ ಔಷಧವನ್ನು ಮಂಡಿ ಸವೆತದ 440 ರೋಗಿಗಳ ಮೇಲೆ 24 ವಾರ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿತು. ನೋವು ತಗ್ಗಿಸುವುದರಲ್ಲಿ ಅದು ಸೆಲೆಕಾಕ್ಸಿಬ್ ಎಂಬ ನೋವುನಿವಾರಕ ಮಾತ್ರೆಗೆ ಸರಿಸಮ ನಿಂತಿತು. ಆಯುರ್ವೇದಕ್ಕೆ ಹೆಮ್ಮೆಯ ಸಂಗತಿಯೇ. ಅದೇ ವರದಿಯಲ್ಲಿ, ಕೆಲವರ ಯಕೃತ್ತಿನ ಕಿಣ್ವ ಏರಿದ್ದೂ ದಾಖಲಾಗಿದೆ. ಕೆಲಸ ಮಾಡುವ ಮದ್ದು ದೇಹದೊಳಗೆ ಇನ್ನೇನೋ ಮಾಡಿಯೇ ಮಾಡುತ್ತದೆ. ಏನೂ ಮಾಡದು ಎನ್ನುವುದಾದರೆ ನೋವಿಗೂ ಏನೂ ಮಾಡದು. ಮಾರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ.

ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಐದಕ್ಕೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್. ಐದಕ್ಕೊಂದು! ತರಕಾರಿ ಅಂಗಡಿಯಲ್ಲಿ ಐದಕ್ಕೊಂದು ಬದನೆ ಹುಳುಕಾದರೆ ಜಗಳ ತೆಗೆಯುವವರು ಇಲ್ಲಿ ಮಾತ್ರ ಕೈಮುಗಿಯುತ್ತಾರೆ. ವಾತಕ್ಕೆ ಕೊಡುವ ಮಹಾಯೋಗರಾಜ ಗುಗ್ಗುಳುವಿನಲ್ಲಿರುವ ನಾಗಭಸ್ಮವೂ ಸೀಸವೇ, ಸೊಪ್ಪುಸದೆಯಲ್ಲ. ಸಂಸ್ಕರಿಸಿದ ಭಸ್ಮದಿಂದ ಕೇಡಿಲ್ಲ ಎನ್ನುವವರು ರಕ್ತದಲ್ಲಿನ ಸೀಸ ಅಳೆಸಿ ತೋರಿಸಲಿ.

ಇಂಥ ಮದ್ದುಗಳ ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕೆಂಬ, ಔಷಧ ನಿಯಮಾವಳಿಯ 170ನೇ ನಿಯಮ 2018ರಲ್ಲಿ ಬಂತು. ಆಯುಷ್ ಸಚಿವಾಲಯ 2024ರ ಜುಲೈನಲ್ಲಿ ಅದನ್ನು ಕಿತ್ತೇ ಹಾಕಿತು. ಅದೂ ಯಾವಾಗ? ಪತಂಜಲಿಯ ಬಾಬಾ ರಾಮದೇವ್ ದಾರಿ ತಪ್ಪಿಸುವ ಜಾಹೀರಾತುಗಳಿಗಾಗಿ ಸುಪ್ರೀಂ ಕೋರ್ಟಿನೆದುರು ಕ್ಷಮೆ ಕೇಳಿದ ಕೆಲವೇ ತಿಂಗಳಲ್ಲಿ. ಕೋರ್ಟು ಆಗಸ್ಟಿನಲ್ಲಿ ತಡೆ ಕೊಟ್ಟಿತು, ಮರುವರ್ಷದ ಆಗಸ್ಟಿನಲ್ಲಿ ತೆರವೂ ಮಾಡಿತು. ಉಳಿದದ್ದು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಅದರ ಪಟ್ಟಿಯಲ್ಲಿ ರುಮಾಟಿಸಂ ಇದೆ. ಆ ಪಟ್ಟಿ ಓದಿದ ಪೊಲೀಸರನ್ನು ಯಾರೂ ಕಂಡಂತಿಲ್ಲ.

ಪತ್ರಿಕೆ, ಚಾನೆಲ್‌ಗಳ ಮರ್ಯಾದೆಯನ್ನಂತೂ ಕೇಳಬೇಡಿ. ಸಂಪಾದಕೀಯದಲ್ಲಿ ವೈಚಾರಿಕತೆ, ಹಿಂಬದಿಯ ಪುಟದಲ್ಲಿ ವಾತದ ಕ್ಯಾಪ್ಸೂಲು.

ಬೆಳಗಾಗುತ್ತಲೇ ಬೆರಳು ಸೆಟೆದುಕೊಳ್ಳುವ ಆಮವಾತದ ರೋಗಿಗೆ ಮೊದಲ ಕೆಲವು ತಿಂಗಳೇ ನಿರ್ಣಾಯಕ. ಅಷ್ಟರೊಳಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೀಲಿಗಾದ ಹಾನಿ ಮತ್ತೆ ಸರಿಹೋಗದು. ಜಾಹೀರಾತಿನ ಕೋರ್ಸು ಮೂರು ತಿಂಗಳದ್ದು, ಎರಡು ಡಬ್ಬಿ ಕೊಂಡರೆ ಎಣ್ಣೆ ಉಚಿತ.