ಕೂಸಿಗಾಗಿ ಕಡಲಾಚೆಗೆ

ಸಾಕುಮಕ್ಕಳ ಕಥೆಗಳಿಗೆ ನಮ್ಮ ಪುರಾಣಗಳಲ್ಲಿ ಬರವಿಲ್ಲ. ಮೇನಕೆ ತೊರೆದುಹೋದ ಶಕುಂತಲೆ ಕಣ್ವರ ಆಶ್ರಮದಲ್ಲಿ ಬೆಳೆದಳು. ದೇವಕಿಯ ಕಂದ ಯಶೋದೆಯ ಮಡಿಲಲ್ಲಿ ಆಡಿದನು. ಕುಂತಿ ಹೊಳೆಗೆ ಬಿಟ್ಟ ಕರ್ಣನು ತೇಲುತ್ತ ಬಂದು ರಾಧೆಯ ಕೈಸೇರಿದನು. ಈ ಕಥೆಗಳಲ್ಲಿ ಸಾಕಿದವರಾರೂ ಮಗುವನ್ನು ಅರಸಿಕೊಂಡು ಹೊರಟವರಲ್ಲ; ವಿಧಿಯೇ ಅದನ್ನು ತಂದು ಅವರ ಮುಂದಿರಿಸಿತು. ಇಪ್ಪತ್ತನೆಯ ಶತಮಾನವು ಈ ಕಥೆಯನ್ನು ತಿರುವುಮುರುವು ಮಾಡಿತು. ಕಂಡರಿಯದ ನಾಡಿನ ಕಂಡರಿಯದ ಕೂಸೊಂದಕ್ಕಾಗಿ ಗಂಡಹೆಂಡಿರು ಹಡೆದ ಮಕ್ಕಳನ್ನೂ ಜೊತೆಯಲ್ಲಿ ಕಟ್ಟಿಕೊಂಡು ಸಾವಿರಾರು ಮೈಲಿ ದೂರ ಹೋಗಿಬರುವ ಪದ್ಧತಿ ಬೆಳೆಯಿತು. ಈ ಪಯಣವನ್ನು ಕುರಿತು ನನಗನಿಸಿದ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಮೊದಲು ಇಂಥ ದತ್ತಿಗೆ ಪಯಣದ ಅಗತ್ಯವೇ ಇದ್ದಂತಿರಲಿಲ್ಲ. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧವು ಅಸಂಖ್ಯ ಮಕ್ಕಳನ್ನು ಅನಾಥರನ್ನಾಗಿ ಮಾಡಿತು. ಅಮೆರಿಕದ ಒರೆಗಾನ್ ಪ್ರಾಂತದ ಹ್ಯಾರಿ ಹೋಲ್ಟ್ ಎಂಬವರು ಅದಾಗಲೇ ಆರು ಮಕ್ಕಳ ತಂದೆ. ಅವರು 1955ರಲ್ಲಿ ಕೊರಿಯಾಕ್ಕೆ ಹೋಗಿ ಮತ್ತೆ ಎಂಟು ಮಕ್ಕಳನ್ನು ಮನೆಗೆ ಕರೆತಂದರು. ಅವರಾದರೂ ತಾವೇ ಹೋಗಿದ್ದರು. ಅವರ ತರುವಾಯ ಸಾವಿರಾರು ಕುಟುಂಬಗಳಿಗೆ ಮಗುವನ್ನು ವಿಮಾನದಲ್ಲಿ ಯಾರೋ ತಂದು ಒಪ್ಪಿಸತೊಡಗಿದರು. ತಂದೆತಾಯಿಗಳು ವಿಮಾನನಿಲ್ದಾಣದಲ್ಲಿ ಕಾದು ನಿಂತಿರುತ್ತಿದ್ದರು. ದಾದಿಯ ಕೈಯಿಂದ ಮಗುವನ್ನು ಪಡೆದು, ಹೆಸರಿನ ಚೀಟಿಯನ್ನು ನೋಡಿ ಮನೆಗೆ ಕರೆದೊಯ್ಯುತ್ತಿದ್ದರು. ಅವರ ಮಮತೆಯನ್ನು ಶಂಕಿಸಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಅಂಚೆಯಲ್ಲಿ ಬಂದ ಕಟ್ಟನ್ನು ಬಿಡಿಸಿಕೊಳ್ಳುವ ರೀತಿಗೂ ಇದಕ್ಕೂ ಏನೋ ಹೋಲಿಕೆ ಇದೆಯೆಂದು ಅನಿಸದಿರದು. ಹಾಗೆ ಬಂದವರಲ್ಲಿ ಕೆಲವರಿಗೆ ಹೆತ್ತವರಂತೆ ಸಾಕಿದವರು ಪೌರತ್ವದ ಕಾಗದಪತ್ರಗಳನ್ನೇ ಮಾಡಿಸಲಿಲ್ಲ. ನಡುವಯಸ್ಸಿನಲ್ಲಿ ಅವರಲ್ಲಿ ಕೆಲವರನ್ನು ಅಮೆರಿಕವು ಭಾಷೆಯೂ ತಿಳಿಯದ ಹುಟ್ಟುನಾಡಿಗೆ ಗಡೀಪಾರು ಮಾಡಿತು. 2001ರಲ್ಲಿ ಜಾರಿಗೆ ಬಂದ ಕಾನೂನು ಎಳೆಯ ಮಕ್ಕಳಿಗೆ ತಾನಾಗಿಯೇ ಪೌರತ್ವ ದೊರೆಯುವಂತೆ ಮಾಡಿತೇ ಹೊರತು, ಅಷ್ಟರೊಳಗೆ ಹದಿನೆಂಟು ತುಂಬಿದ್ದವರ ಕೈಹಿಡಿಯಲಿಲ್ಲ.

ಚೀನಾದ ಸಂಗತಿ ಬೇರೆ. ಅಲ್ಲಿ 1980ರ ಸುಮಾರಿನಿಂದ 2015ರವರೆಗೆ ದಂಪತಿಗಳಿಗೆ ಒಂದೇ ಮಗು ಎಂಬ ಕಟ್ಟಳೆ ಇತ್ತು. ಹಳ್ಳಿಗಾಡಿನಲ್ಲಿ ಗಂಡುಮಗುವಿನ ಹಂಬಲ ನಮ್ಮಲ್ಲಿರುವಂತೆಯೇ ಬಲವಾದುದು. ಈ ಎರಡರ ನಡುವೆ ಸಿಕ್ಕಿದ ಹೆಣ್ಣುಕೂಸುಗಳು ಸಂತೆಯ ಮೂಲೆಯಲ್ಲಿಯೋ ಆಸ್ಪತ್ರೆಯ ಬಾಗಿಲಲ್ಲಿಯೋ ನಸುಕಿನ ಹೊತ್ತಿನಲ್ಲಿ ದೊರಕತೊಡಗಿದವು. 1992ರಲ್ಲಿ ಜಾರಿಗೆ ಬಂದ ದತ್ತು ಕಾನೂನು ವಿದೇಶೀಯರಿಗೂ ಬಾಗಿಲು ತೆರೆಯಿತು. ಮುಂದಿನ ಮೂರು ದಶಕಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಚೀನಾದಿಂದ ಹೊರನಾಡುಗಳಿಗೆ ಹೋದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಮೆರಿಕವನ್ನು ಸೇರಿದರು. ನಮ್ಮ ಹಳೆಯ ಧರ್ಮಶಾಸ್ತ್ರದ ರೂಢಿಯಲ್ಲಿ ದತ್ತಕನೆಂದರೆ ಪಿಂಡಪ್ರದಾನಕ್ಕೆ ಬೇಕಾದ ಗಂಡುಮಗ. ಹೆಣ್ಣನ್ನು ದತ್ತು ಪಡೆಯಲು ನಮ್ಮಲ್ಲಿ 1956ರ ಶಾಸನವೇ ಬರಬೇಕಾಯಿತು. ಅಂಥ ಪರಂಪರೆಯವನಾದ ನನಗೆ, ಹೆಣ್ಣುಕೂಸುಗಳಿಗಾಗಿಯೇ ಕಡಲು ದಾಟಿದ ಈ ಜನರ ವಿಷಯದಲ್ಲಿ ಮೊದಲು ಹುಟ್ಟಿದ ಭಾವ ಗೌರವ.

ಮಗುವನ್ನು ಕಳುಹಿಸಿಕೊಡುವುದಕ್ಕೆ ಚೀನಾ ಒಪ್ಪಲಿಲ್ಲ. ದಂಪತಿಗಳಲ್ಲಿ ಒಬ್ಬರಾದರೂ ಸ್ವತಃ ಬಂದು, ಅಧಿಕಾರಿಗಳ ಮುಂದೆ ಸಹಿ ಹಾಕಿ ಕರೆದೊಯ್ಯಬೇಕೆಂದು ಅದು ವಿಧಿಸಿತು. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ಹೀಗಾಗಿ ಪಯಣ ಎರಡು ವಾರಗಳ ಒಂದು ವಿಧಿಯಾಗಿ ರೂಪುಗೊಂಡಿತು. ಮೊದಲು ಪ್ರಾಂತದ ರಾಜಧಾನಿಗೆ ಹೋಗಿ, ಅಲ್ಲಿನ ನಾಗರಿಕ ವ್ಯವಹಾರಗಳ ಕಚೇರಿಯಲ್ಲಿ ಮಗುವನ್ನು ಪಡೆಯಬೇಕು. ಆ ಬಳಿಕ ಅಮೆರಿಕದ ವೀಸಾಕ್ಕಾಗಿ ದಕ್ಷಿಣದ ಗ್ವಾಂಗ್‌ಜೌ ನಗರಕ್ಕೆ ಬಂದು ವೈದ್ಯರ ತಪಾಸಣೆ ಮುಗಿಸಿ ಊರಿಗೆ ಹೊರಡಬೇಕು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ನೆರೆಮನೆಯವರ ಕಥೆಯನ್ನು ನನಗೆ ಹೇಳಿದ್ದಾಳೆ. ಆ ದಂಪತಿಗಳು 2004ರಲ್ಲಿ ಜಿಯಾಂಗ್‌ಶಿ ಪ್ರಾಂತದ ನಾನ್‌ಚಾಂಗ್ ನಗರಕ್ಕೆ ಹೋದಾಗ ಏಳು ವರ್ಷದ ಮಗನನ್ನೂ ಕರೆದೊಯ್ದರು. ಬಂಧುಗಳೆಲ್ಲ ಬೇಡವೆಂದಿದ್ದರಂತೆ. ಕಚೇರಿಯ ಕೋಣೆಯಲ್ಲಿ ಏಳೆಂಟು ಕುಟುಂಬಗಳು ಕಾದಿದ್ದವು. ಹನ್ನೊಂದು ತಿಂಗಳ ಕೂಸನ್ನು ಹೊಸ ತಾಯಿಯ ಕೈಗೆ ಕೊಟ್ಟೊಡನೆ ಅದು ಬೆನ್ನು ಸೆಟೆಸಿ ಚೀರಿತು. ಅದುವರೆಗೆ ಸಾಕಿದ್ದ ಅನಾಥಾಲಯದ ಹೆಂಗಸು ಗೋಡೆಯ ಕಡೆಗೆ ಮುಖ ತಿರುಗಿಸಿ ಕಣ್ಣೊರಸಿಕೊಂಡಳು. ಚೀನೀ ಭಾಷೆಯಲ್ಲಿ ಅಂಥವಳನ್ನು ‘ಆಯಿ’ ಎಂದು ಕರೆಯುತ್ತಾರಂತೆ. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಆಯಿ’ ಎಂದು ಕೂಗಿ ಬೆಳೆದವರ ಕಿವಿಗೆ ಈ ಮಾತು ಪರಕೀಯವಾಗಿ ಕೇಳಿಸದು. ಹಿರಿಯರೆಲ್ಲ ಸಹಿ, ಮೊಹರು, ಫೋಟೊಗಳ ಗಡಿಬಿಡಿಯಲ್ಲಿದ್ದರು. ಆ ಹೆಂಗಸಿನ ಅಳುವನ್ನು ಕಂಡವನು ಹುಡುಗನೊಬ್ಬನೇ. ಕೂಸು ಎರಡು ದಿನ ಹಾಲು ಮುಟ್ಟಲಿಲ್ಲ. ತಂದೆಯ ಹೆಗಲನ್ನು ಬಿಟ್ಟಿಳಿಯಲಿಲ್ಲ. ತಾಯಿ ಹತ್ತಿರ ಬಂದರೆ ಕಿರುಚುತ್ತಿತ್ತು. ಎರಡನೆಯ ರಾತ್ರಿ ಹುಡುಗ ಕೇಳಿದನಂತೆ: “ಅಮ್ಮ, ಇವಳಿಗೆ ನಾವು ಬೇಡವೇ?”

ಹಿರಿಯರು ತಮ್ಮ ತಮ್ಮಲ್ಲಿ ಕೇಳಿಕೊಳ್ಳದಿದ್ದ ಪ್ರಶ್ನೆ ಇದು. ನಮಗೆ ಮಗು ಬೇಕು, ಮಗುವಿಗೆ ಮನೆ ಬೇಕು, ಆದ್ದರಿಂದ ಎಲ್ಲವೂ ಶುಭ ಎಂದು ನಾವು ಲೆಕ್ಕ ಹಾಕುತ್ತೇವೆ. ಹನ್ನೊಂದು ತಿಂಗಳ ಕೂಸಿಗೆ ಈ ಲೆಕ್ಕ ತಿಳಿಯದು. ಒಂದೇ ಹಗಲಿನಲ್ಲಿ ತಾನು ಬಲ್ಲ ಮುಖ, ವಾಸನೆ, ಮಾತಿನ ದನಿ, ಗಂಜಿಯ ರುಚಿ ಎಲ್ಲವನ್ನೂ ಕಳೆದುಕೊಂಡ ಕೂಸು ಅಳುವುದು ಕೃತಘ್ನತೆಯಲ್ಲ. ಅದಕ್ಕೆ ಪ್ರೀತಿಸಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಕೂಸು ಹದಿನೈದರ ಹುಡುಗಿಯಾದಾಗ, ತನ್ನನ್ನು ಬಿಟ್ಟುಕೊಡುವಾಗ ಯಾರಾದರೂ ಅತ್ತಿದ್ದರೇ ಎಂದು ಒಂದು ದಿನ ಕೇಳಿದಳಂತೆ. ತಂದೆತಾಯಿಗಳಿಗೆ ಉತ್ತರ ತಿಳಿದಿರಲಿಲ್ಲ. ಅಣ್ಣನು ತಾನು ಕಂಡದ್ದನ್ನು ಹೇಳಿದನು. ಕೈಬರೆಹದ ದಾಖಲೆಯಲ್ಲಾಗಲಿ ಮೊಹರಿನ ಕಾಗದದಲ್ಲಾಗಲಿ ಇಲ್ಲದ ಸಂಗತಿ ಅದು.

ಇಂಥ ಪಯಣಕ್ಕೆ ಮನೆಯ ಮಕ್ಕಳನ್ನು ಕರೆದೊಯ್ಯಬಾರದೆನ್ನುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಖರ್ಚು ಹೆಚ್ಚು; ದಾರಿ ದೀರ್ಘ; ಬೆದರಿದ ಕೂಸಿಗೆ ಬೇಕಾದುದು ಶಾಂತಿಯೇ ಹೊರತು ಗದ್ದಲವಲ್ಲ; ದೊಡ್ಡ ಮಗುವಿಗೆ ಹೊಟ್ಟೆಕಿಚ್ಚು ಬಂದರೆ ಪರದೇಶದ ಹೋಟೆಲಿನಲ್ಲಿ ಇಬ್ಬರನ್ನೂ ಸಂತೈಸುವವರಾರು? ಮೂರು ನಾಲ್ಕು ವರ್ಷದ ಮಗುವಾದರೆ ಅಜ್ಜಿಯ ಬಳಿ ಬಿಟ್ಟುಹೋಗುವುದೇ ಲೇಸು. ಆದರೆ ನೋಡಿದುದನ್ನು ನೆನಪಿಟ್ಟುಕೊಳ್ಳಬಲ್ಲ ವಯಸ್ಸಿನ ಮಗುವನ್ನು ಬಿಟ್ಟುಹೋಗುವುದು ತರವಲ್ಲವೆಂದು ನಾನು ಭಾವಿಸುತ್ತೇನೆ. ಶಾಲೆಯಲ್ಲಿ ಸಾಕುಮಕ್ಕಳನ್ನು ಇತರ ಮಕ್ಕಳು ಕೆಣಕುವುದನ್ನು ಉಪಾಧ್ಯಾಯನಾಗಿ ಅನೇಕ ಸಲ ಕಂಡಿದ್ದೇನೆ. ಆಗ ಮನೆಯಲ್ಲಿರುವ ತಂದೆತಾಯಿಗಳಿಂದ ಏನೂ ಆಗದು. ಪಕ್ಕದ ತರಗತಿಯ ಅಣ್ಣನೋ ಅಕ್ಕನೋ ಎದ್ದು ಬರಬೇಕು. ತಂಗಿಯನ್ನು ತರಲು ತಾನೂ ಹೋಗಿದ್ದವನಿಗೆ ಅವಳು ಹೊರಗಿನವಳಾಗಿ ತೋರುವುದು ಕಷ್ಟ. ಅಷ್ಟೇ ಅಲ್ಲ, ಅವಳ ನಾಡು ಅವನಿಗೆ ಕೇವಲ ಬಡತನದ ಒಂದು ಹೆಸರಾಗಿ ಉಳಿಯುವುದಿಲ್ಲ. ಅಲ್ಲಿಯ ಬೀದಿ, ಮಳೆ, ಬಿಸಿ ಹಬೆಯ ತಿಂಡಿ, ತನ್ನನ್ನು ಕಂಡು ನಕ್ಕ ಮುದುಕಿಯರು ಅವನ ಮನಸ್ಸಿನಲ್ಲಿ ನಿಲ್ಲುತ್ತಾರೆ.

ಈ ಪಯಣವನ್ನು ವಿಹಾರವನ್ನಾಗಿಸುವ ಪ್ರವೃತ್ತಿಯೂ ಇತ್ತು. ಗ್ವಾಂಗ್‌ಜೌ ನಗರದ ಶಾಮಿಯನ್ ದ್ವೀಪದಲ್ಲಿ, ಮುತ್ತಿನ ನದಿಯ ದಂಡೆಯ ಮೇಲೆ, ವೈಟ್ ಸ್ವಾನ್ ಎಂಬ ದೊಡ್ಡ ಹೋಟೆಲಿದೆ. ಅಮೆರಿಕಕ್ಕೆ ಹೊರಟ ಕೂಸುಗಳನ್ನು ಅಲ್ಲಿಯ ಕೆಂಪು ಸೋಫಾದ ಮೇಲೆ ಸಾಲಾಗಿ ಕುಳ್ಳಿರಿಸಿ ಫೋಟೊ ತೆಗೆಸುವುದು ಒಂದು ಸಂಪ್ರದಾಯವೇ ಆಗಿತ್ತು. ಅಲ್ಲಿಗೆ ಬಂದ ದತ್ತು ಕುಟುಂಬಗಳಿಗೆ ಬಾರ್ಬಿ ಗೊಂಬೆಯೊಂದನ್ನು ಕಾಣಿಕೆಯಾಗಿ ಕೊಡುತ್ತಿದ್ದರು: ಹೊಂಗೂದಲಿನ ತಾಯಿ, ಅವಳ ತೋಳಿನಲ್ಲಿ ಚೀನೀ ಕೂಸು. ನೋಡಲು ಚೆಲುವಾದ ಗೊಂಬೆ. ಆದರೆ ಅದರಲ್ಲಿ ಹೆತ್ತವಳೂ ಇಲ್ಲ, ಆಯಿಯೂ ಇಲ್ಲ. ಕೂಸು ಯಾರ ಕೈಯಿಂದಲೂ ಬಂದದ್ದಲ್ಲ, ನೆಲದಿಂದ ಎದ್ದುಬಂದದ್ದೋ ಎಂಬಂತಿದೆ.

ಕೂಸು ನೆಲದಿಂದ ಎದ್ದುಬರುವುದಿಲ್ಲ. ಪ್ರತಿ ಕುಟುಂಬವೂ ಆ ವರ್ಷಗಳಲ್ಲಿ ಅನಾಥಾಲಯಕ್ಕೆ ಸುಮಾರು 3,000 ಡಾಲರುಗಳ ಕಾಣಿಕೆ ಕೊಡಬೇಕಾಗಿತ್ತು. ಹಳ್ಳಿಯವರ ಕಣ್ಣಿಗೆ ಇದು ಭಾರಿ ಹಣ. 2005ರಲ್ಲಿ ಹುನಾನ್ ಪ್ರಾಂತದ ಕೆಲವು ಅನಾಥಾಲಯಗಳು ದಲ್ಲಾಳಿಗಳಿಂದ ಶಿಶುಗಳನ್ನು ಕೊಂಡುಕೊಂಡು, ಅನಾಥರೆಂದು ದಾಖಲೆ ಬರೆದು ದತ್ತಿಗೆ ಕೊಟ್ಟ ಸಂಗತಿ ಬಯಲಾಯಿತು. ಮರುವರ್ಷ ನ್ಯಾಯಾಲಯವು ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ಕೊರಿಯಾದಲ್ಲಿಯೂ ಮಕ್ಕಳ ದಾಖಲೆಗಳನ್ನು ತಿದ್ದಿ, ತಂದೆತಾಯಿಗಳಿದ್ದವರನ್ನೂ ಅನಾಥರೆಂದು ಬರೆದು ಹೊರಕ್ಕೆ ಕಳುಹಿಸಲಾಗಿತ್ತೆಂದು ಅಲ್ಲಿಯ ಸತ್ಯಶೋಧನಾ ಆಯೋಗವು 2025ರಲ್ಲಿ ಹೇಳಿತು. ಎರಡು ವಾರಗಳ ಪಯಣ ಮಾಡಿದವರು ಇದನ್ನು ಕಾಣಲಾರರು. ಅವರು ಕಾಣುವುದು ಕಚೇರಿ, ಹೋಟೆಲು, ದುಭಾಷಿ. ಆದ್ದರಿಂದಲೇ ಪಯಣವೊಂದೇ ಸಾಲದು. ಅದರ ಹಿಂದೆ ಬಿಗಿಯಾದ ಕಾನೂನು ಇರಬೇಕು. ನಮ್ಮ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ಲಕ್ಷ್ಮೀಕಾಂತ ಪಾಂಡೆಯವರ ಮೊಕದ್ದಮೆಯಲ್ಲಿ ಈ ಮಾತನ್ನು ಮನಗಂಡು, ಮಗುವಿಗೆ ಮೊದಲು ಸ್ವದೇಶದಲ್ಲಿಯೇ ಮನೆ ಹುಡುಕಬೇಕು, ಹೊರನಾಡು ಅನಂತರದ್ದು ಎಂದು ವಿಧಿಸಿತು. 1993ರ ಹೇಗ್ ಒಪ್ಪಂದದ ತಿರುಳೂ ಇದೇ. ನಮ್ಮ ನ್ಯಾಯಾಲಯ ಒಂಬತ್ತು ವರ್ಷ ಮುಂದಿತ್ತೆಂಬುದು ಹೆಮ್ಮೆಯ ಸಂಗತಿಯಲ್ಲವೇ?

ಈಗ ಬಾಗಿಲುಗಳು ಒಂದೊಂದಾಗಿ ಮುಚ್ಚಿವೆ. ಗ್ವಾಟೆಮಾಲಾ, ರುಮೇನಿಯಾ, ಇಥಿಯೋಪಿಯಾಗಳು ಮೊದಲೇ ಮುಚ್ಚಿದವು. ರಷ್ಯವು 2013ರಿಂದ ಅಮೆರಿಕನ್ನರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿತು. 2004ರಲ್ಲಿ ಅಮೆರಿಕಕ್ಕೆ ದತ್ತು ಬಂದ ಹೊರನಾಡಿನ ಮಕ್ಕಳು ಸುಮಾರು 23,000. 2023ರಲ್ಲಿ 1,300ಕ್ಕೂ ಕಡಮೆ. 2024ರ ಸೆಪ್ಟೆಂಬರಿನಲ್ಲಿ ಚೀನಾ, ಹತ್ತಿರದ ರಕ್ತಸಂಬಂಧಿಗಳನ್ನೂ ಮಲಮಕ್ಕಳನ್ನೂ ಬಿಟ್ಟು, ಉಳಿದ ವಿದೇಶಿ ದತ್ತನ್ನು ಸಂಪೂರ್ಣವಾಗಿ ನಿಲ್ಲಿಸಿರುವುದಾಗಿ ಸಾರಿತು. ಒಂದು ನಾಡು ತನ್ನ ಮಕ್ಕಳನ್ನು ತಾನೇ ಸಾಕುತ್ತೇನೆ ಎಂದರೆ ಬೇಡವೆನ್ನುವವರು ಯಾರು? ಆದರೆ ಸಾಂಕ್ರಾಮಿಕದ ಕಾರಣ 2020ರಲ್ಲಿ ಗಡಿಗಳು ಮುಚ್ಚುವ ಮೊದಲೇ ನೂರಾರು ಕುಟುಂಬಗಳಿಗೆ ಇಂಥ ಮಗು ನಿಮ್ಮದೆಂದು ಗೊತ್ತುಮಾಡಿ ಕೊಡಲಾಗಿತ್ತು. ಅಂಥ ಮಕ್ಕಳಲ್ಲಿ ಬಹುಮಂದಿ ಅಂಗವೈಕಲ್ಯವೋ ದೀರ್ಘವ್ಯಾಧಿಯೋ ಇದ್ದವರು. ಅವರಲ್ಲಿ ಕೆಲವರ ಕೈಗೆ ಬರಲಿರುವ ತಂದೆತಾಯಿಗಳ ಚಿತ್ರ ಆಗಲೇ ಸೇರಿತ್ತು. ಇತ್ತ ಮನೆಗಳಲ್ಲಿ ಅವರಿಗಾಗಿ ಹಾಸಿಗೆ ಸಿದ್ಧವಾಗಿತ್ತು. ನಾಲ್ಕು ವರ್ಷ ಕಾದ ಮೇಲೆ, ಇನ್ನು ಬರಬೇಕಾಗಿಲ್ಲ ಎಂಬ ಉತ್ತರ ಬಂದಿತು. ಮುಂದಿನ ಬಾಗಿಲನ್ನು ಮುಚ್ಚುವ ಹಕ್ಕು ಚೀನಾಕ್ಕೆ ಉಂಟು. ಆಗಲೇ ಹೆಸರು ಹಿಡಿದು ಕರೆಯಲ್ಪಟ್ಟಿದ್ದ ಆ ಕೆಲವು ನೂರು ಮಕ್ಕಳನ್ನಾದರೂ ಹೊಸ್ತಿಲು ದಾಟಿಸಿ ಆ ಬಳಿಕ ಮುಚ್ಚಬಹುದಾಗಿತ್ತು.