ನನ್ನ ಮೆಚ್ಚಿನ ನಾಲ್ಕು ಬಿಯರುಗಳು ಮತ್ತು ಒಂದು ತಕರಾರು

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ತೋಟದ ಕಡೆ ಹೋಗಿ ಕೂತಾಗ ಚಿಕ್ಕಪ್ಪನ ಮಗ ಮೆಲ್ಲಗೆ ಕೇಳಿದ, "ಅಣ್ಣಾ, ಅಷ್ಟು ದೇಶ ಸುತ್ತಿದ್ದೀಯ, ಯಾವ ಬಿಯರ್ ಚೆನ್ನಾಗಿತ್ತು ಹೇಳು." ನಾನು ಹುರುಪಿನಿಂದ ಪಿಲ್ಸೆನ್ ಕಥೆ ಶುರು ಮಾಡಿದೆ. ಎರಡು ವಾಕ್ಯ ಮುಗಿಯೋದರೊಳಗೆ ಅವನ ಪ್ರಶ್ನೆ, "ಅದ್ರಲ್ಲಿ ಎಷ್ಟು ಪರ್ಸೆಂಟು?"

"ನಾಲ್ಕೂ ಚಿಲ್ಲರೆ" ಅಂದೆ.

"ಥೂ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಮಜ್ಜಿಗೆ ಕುಡಿದಿದ್ರೆ ಆಗ್ತಿತ್ತಲ್ಲ!"

ಇಬ್ಬರೂ ನಕ್ಕೆವು. ಆದರೆ ಆ ಪ್ರಶ್ನೆ ಇನ್ನೂ ತಲೆ ಕೊರೀತಾನೇ ಇದೆ. ಅವತ್ತು ಅರ್ಧಕ್ಕೆ ನಿಂತ ಕಥೆಯನ್ನು ಇಲ್ಲಿ ಪೂರ್ತಿ ಮಾಡ್ತೀನಿ. ಕುಡಿಯದವರು ಬೈಕೊಳ್ಳದೆ ಓದಿ, ಕೊನೆಯಲ್ಲಿ ನಿಮ್ಮ ಕಡೆಗೇ ಬರ್ತೀನಿ :-)

ಮೊದಲನೆಯದು ಪಿಲ್ಸ್ನರ್ ಉರ್ಕ್ವೆಲ್. ಚೆಕ್ ದೇಶದ ಪಿಲ್ಸೆನ್ ಊರಿನದು. 1838ರಲ್ಲಿ ಆ ಊರಿನವರು ತಮ್ಮೂರ ಬಿಯರ್ ಕುಡಿಯೋಕೆ ಲಾಯಕ್ಕಿಲ್ಲ ಅಂತ 36 ಪೀಪಾಯಿ ಬಿಯರನ್ನು ಪುರಭವನದ ಎದುರು ಚೆಲ್ಲಿದ್ದರಂತೆ. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿಸಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿದರು. 1842ರ ಅಕ್ಟೋಬರಿನಲ್ಲಿ ಅವನು ಮಾಡಿದ ಹೊಂಬಣ್ಣದ ತಿಳಿ ಬಿಯರಿನ ಮಾದರಿಯನ್ನೇ ಇವತ್ತು ಜಗತ್ತೆಲ್ಲ ಅನುಸರಿಸುತ್ತಿದೆ. ನಮ್ಮ ಬಾರುಗಳಲ್ಲಿ ಸಿಗೋ ಲಾಗರ್ ಕೂಡ ಅದರ ದೂರದ ಸಂಬಂಧಿಯೇ. ಮೆದು ನೀರು, ಜಾಟೆಟ್ಸ್ ಸೀಮೆಯ ಹಾಪ್ಸ್ ಹೂವಿನ ಹದವಾದ ಕಹಿ. ಮೆಂತ್ಯ, ಹಾಗಲಕಾಯಿ ತಿಂದು ಬೆಳೆದ ನಾಲಿಗೆಗೆ ಈ ಕಹಿ ಬೇಗ ಒಗ್ಗುತ್ತೆ.

ಎರಡನೆಯದು ಜರ್ಮನಿಯ ವೈನ್‌ಸ್ಟೆಫಾನರ್ ಗೋಧಿ ಬಿಯರ್. ಮ್ಯೂನಿಕ್ ಹತ್ತಿರ ಫ್ರೈಸಿಂಗ್ ಅನ್ನೋ ಊರಲ್ಲಿರೋ ಈ ಬ್ರೂವರಿ 1040ರಿಂದಲೂ ತಾನಿದ್ದೇನೆ ಅಂತ ಹೇಳಿಕೊಳ್ಳುತ್ತೆ. ಗ್ಲಾಸು ಮೂಗಿನ ಹತ್ತಿರ ತಂದರೆ ಮಾಗಿದ ಬಾಳೆಹಣ್ಣು ಮತ್ತು ಲವಂಗದ ಪರಿಮಳ! ಎರಡನ್ನೂ ಅದಕ್ಕೆ ಹಾಕಿರೋದಿಲ್ಲ, ಎಲ್ಲ ಯೀಸ್ಟಿನ ಕೈಚಳಕ. ತಮಾಷೆ ಏನು ಗೊತ್ತಾ? 1516ರ ಬವೇರಿಯಾದ ಪ್ರಸಿದ್ಧ ಶುದ್ಧತೆಯ ಕಾನೂನಿನ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಗೋಧಿಯೂ ಇಲ್ಲ. ಗೋಧಿ ಬಿಯರ್ ಮಾಡೋ ಹಕ್ಕು ಮುಂದೆ ಬಹುಕಾಲ ಡ್ಯೂಕರ ಮನೆತನದ ಕೈಯಲ್ಲಿತ್ತು. ಕಾನೂನು ಮಾಡಿದವರಿಗೆ ರಿಯಾಯಿತಿ ಅನ್ನೋದು ನಮ್ಮಲ್ಲಿ ಮಾತ್ರ ಇದೆ ಅಂದ್ಕೋಬೇಡಿ.

ಮೂರನೆಯದು ಡಬ್ಲಿನ್ನಿನ ಗಿನ್ನೆಸ್. ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಜಾಗ ಭೋಗ್ಯಕ್ಕೆ ಹಿಡಿದ ಪುಣ್ಯಾತ್ಮ. ಈ ಬಿಯರ್ ನೋಡಿದರೆ ಡಿಕಾಕ್ಷನ್ ತರಹ ಕಪ್ಪು. ನೋಡಿದವರೆಲ್ಲ "ಅಬ್ಬಾ, ಭಯಂಕರ ಸ್ಟ್ರಾಂಗ್ ಇರ್ಬೇಕು" ಅಂತಾರೆ. ಡ್ರಾಫ್ಟ್ ಗಿನ್ನೆಸ್‌ನಲ್ಲಿ ಆಲ್ಕೋಹಾಲ್ 4.2 ಪರ್ಸೆಂಟ್ ಆಸುಪಾಸು ಅಷ್ಟೇ. ಕಪ್ಪು ಬಂದಿದ್ದು ಹುರಿದ ಬಾರ್ಲಿಯಿಂದ.

ನಾಲ್ಕನೆಯದು ಬೆಲ್ಜಿಯಂನ ವೆಸ್ಟ್‌ಮಾಲ್ ಟ್ರಿಪೆಲ್. ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠದೊಳಗೇ ತಯಾರಾಗುತ್ತೆ. ಇದು ಒಂಬತ್ತೂವರೆ ಪರ್ಸೆಂಟ್! "ಮತ್ತೆ ನೀನು ಹೇಳಿದ್ದೇನು?" ಅಂತ ತಮ್ಮ ಕೇಳ್ತಾನೆ, ಗೊತ್ತು. ಅದಕ್ಕೇ ಇದನ್ನು ಕೊನೆಗಿಟ್ಟೆ.

ಲೆಕ್ಕ ಹಾಕೋಣ. ಟ್ರಿಪೆಲ್ ಬಾಟಲಿ 330 ಎಂ.ಎಲ್. ಅಂದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 31 ಎಂ.ಎಲ್. ಅಗಲ ಬಾಯಿಯ ಗ್ಲಾಸಿಗೆ ಸುರಿದುಕೊಂಡು ಅದೇ ಒಂದು ಬಾಟಲಿಯನ್ನು ಒಂದು ಗಂಟೆ ಕುಡಿಯುವವರನ್ನು ಅಲ್ಲಿ ನೋಡಿದ್ದೇನೆ. ಅರ್ಧ ಲೀಟರ್ ಪಿಲ್ಸ್ನರಿನಲ್ಲಿ 22 ಎಂ.ಎಲ್. ನಮ್ಮ ಸ್ಟ್ರಾಂಗ್ ಬಿಯರ್ ಎಂಟು ಪರ್ಸೆಂಟಿನವರೆಗೂ ಇರುತ್ತೆ, ಬಾಟಲಿ 650 ಎಂ.ಎಲ್. ಅಲ್ಲಿಗೆ 52 ಎಂ.ಎಲ್! ಅದನ್ನು ನಮ್ಮ ಹುಡುಗರು ಬೈಕಿಗೆ ಒರಗಿ ನಿಂತು, ಯಾರಾದರೂ ನೋಡಿಬಿಟ್ಟಾರು ಅಂತ ಹತ್ತು ನಿಮಿಷದಲ್ಲಿ ಮುಗಿಸಿ, ಅದೇ ಬೈಕು ಹತ್ತುತ್ತಾರೆ. ಭಾರತದಲ್ಲಿ ಮಾರಾಟವಾಗೋ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗೇ.

ನನ್ನ ತಕರಾರು ಇದೇ. ನಾವು ಕುಡಿಯೋದನ್ನು ಮುಚ್ಚಿಟ್ಟಿದ್ದೇವೆ. ಮುಚ್ಚಿಟ್ಟು ಕುಡಿಯುವವನಿಗೆ ಟೈಮಿಲ್ಲ. ಟೈಮಿಲ್ಲದವನಿಗೆ ರುಚಿ ಯಾತಕ್ಕೆ? ಅವನಿಗೆ ಬೇಕಾದ್ದು ಕಿಕ್ಕು, ಕಂಪನಿಗಳೂ ಅದನ್ನೇ ಕೊಡ್ತವೆ.

ರುಚಿ ಮಾತಾಡೋದು ಹೊಟ್ಟೆ ತುಂಬಿದವರ ಕೆಲಸ ಅನ್ನಬಹುದು. ಸ್ವಲ್ಪ ನಿಜ. ಬೆಂಗಳೂರಿನಲ್ಲಿ 2010ರ ಸುಮಾರಿನಿಂದ ಮೈಕ್ರೋಬ್ರೂವರಿಗಳು ಬಂದವು, ಒಳ್ಳೆಯ ಗೋಧಿ ಬಿಯರ್ ಈಗ ಇಲ್ಲೇ ಸಿಗುತ್ತೆ. ಆದರೆ ಅಲ್ಲಿನ ಒಂದು ಗ್ಲಾಸಿನ ದುಡ್ಡು ಕೂಲಿಯವನಿಗೆ ದಿನದ ಖರ್ಚು. ನಮ್ಮ ಬೀದಿಯಲ್ಲಿ ಪ್ಯಾಕೆಟ್ ಸಾರಾಯಿ ಕುಡಿದು ಮನೆ ಕಳೆದುಕೊಂಡವರನ್ನು ನೋಡಿಯೇ ಬೆಳೆದವನು ನಾನು. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ, ಪ್ಯಾಕೆಟ್ಟಿನಿಂದ ಬಾಟಲಿಗೆ ಬಂತು. ಆರೋಗ್ಯದ ಮಾತಿಗೆ ಬಂದರೆ, ಒಂದು ಹನಿಯೂ ಸುರಕ್ಷಿತ ಅನ್ನೋಕಾಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಜಾಣರು. ಇದರಲ್ಲಿ ನನಗೆ ವಾದವಿಲ್ಲ.

ಆದರೆ ಕುಡಿಯುವವನು "ಎಷ್ಟು ಪರ್ಸೆಂಟು" ಬಿಟ್ಟು "ಹೇಗಿದೆ" ಅಂತ ಕೇಳೋಕೆ ಶುರು ಮಾಡಿದರೆ, ಎರಡನೇ ಬಾಟಲಿಗೆ ಕೈ ಹಾಕೋ ಮುಂಚೆ ಒಂದು ಗಳಿಗೆ ನಿಲ್ಲುತ್ತಾನೆ. ನನ್ನ ಮಟ್ಟಿಗೆ ಹಾಗಾಗಿದೆ.

ಊರಿಂದ ಹೊರಡೋ ಬೆಳಿಗ್ಗೆ ಅಮ್ಮ ಡಬ್ಬಿಗೆ ಕೋಡುಬಳೆ ತುಂಬುತ್ತಾ ತಲೆ ಎತ್ತದೆ ಕೇಳಿದಳು, "ನೀನೂ ಕುಡಿತೀಯೇನೋ?" ಇಪ್ಪತ್ತು ವರ್ಷದಿಂದ ತಪ್ಪಿಸಿಕೊಂಡಿದ್ದ ಪ್ರಶ್ನೆ. "ಯಾವಾಗ್ಲಾದ್ರೂ ಒಂದು ಬಿಯರ್, ಅಮ್ಮ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕುಡಿದು ಗಾಡಿ ಓಡಿಸ್ಬೇಡ. ಅವನಿಗೂ ಹೇಳು" ಅಂದಳು.

ತಮ್ಮನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು! ಬಸ್ಸು ಹತ್ತಿದ ಮೇಲೆ ಅವನಿಗೆ ಫೋನ್ ಮಾಡಿ ಹೇಳಿದೆ. ಈ ಸಲ ಅವನು ಪರ್ಸೆಂಟ್ ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಈ ಮಾತು ಬಂದಿದೆಯಾ?